ಏಕಾದಶಿ ಮಾಡಿದ ಹಕ್ಕಿ

ಬಂಗಾಳ ಕೊಲ್ಲಿಯ ಚಂಡಮಾರುತ ಕಲಬುರಗಿಯ ತನಕ ಗಾಳಿಮಳೆ ತಂದು ಹೋದ ಮರುದಿನ ಕಾರ್ತಿಕದ ಏಕಾದಶಿ. ತುಂಗಾಬಾಯಿಯವರು ಮಾಳಿಗೆಯ ತುಳಸಿಗೆ ನೀರೆರೆಯಲು ಹೋದರೆ ಕಟ್ಟೆಯ ಬುಡದಲ್ಲೊಂದು ಹಕ್ಕಿ ಮುದುರಿ ಕೂತಿತ್ತು. ಬೆನ್ನು ಮಸಿಗಪ್ಪು, ಎದೆ ಹಾಲುಬಿಳುಪು, ಹಣೆಯ ಮೇಲೆ ಬಿಳಿಯ ಪಟ್ಟಿ, ಕತ್ತರಿಯಂತೆ ಸೀಳಿದ ಬಾಲ.

"ಮಂಜುಷಾ, ಲಗೂ ಬಾ! ಬಿಳೀ ಎದಿ, ಹಣಿಗೆ ನಾಮ. ಗರುಡ ಬಂದಾನ!"

ಸೊಸೆ ಬಂದು ಬಾಗಿ ನೋಡಿದಳು. "ಗರುಡನ ಕೊಕ್ಕು ಬಾಗಿರ್ತದ ಅತ್ಯಾ. ಇದು ದಬ್ಬಣ ಇದ್ದಂಗದ."

"ಇನ್ನೂ ಸಣ್ಣಾಂವ. ಬಾಗ್ತದ ತಗೋ."

ಬುಟ್ಟಿಯಲ್ಲಿ ಕೂರಿಸಿ ಇಟ್ಟ ನೀರನ್ನೂ ಹಕ್ಕಿ ಮುಟ್ಟಲಿಲ್ಲ. "ನೋಡು, ನನ್ನಂಗ ಏಕಾದಶಿ ಮಾಡ್ಲಿಕತ್ಯಾನ," ಎಂದು ತುಂಗಾಬಾಯಿ ಹಿಗ್ಗಿದರು.

ದ್ವಾದಶಿಯ ಬೆಳಗ್ಗೆ ಹಾಲು, ಕಡಲೆಬೇಳೆ-ಬೆಲ್ಲದ ಹಯಗ್ರೀವ, ಕಮಲಾಪುರದ ಕೆಂಪು ಬಾಳೆಹಣ್ಣು, ಎಲ್ಲ ಬಂದವು. ಹಕ್ಕಿ ಕಣ್ಣು ಮುಚ್ಚಿತು.

"ಮನಿಗೆ ಬಂದಾಂವ ಉಪವಾಸ ಇರೋವಾಗ ನಾ ಹ್ಯಾಂಗ ಪಾರಣಿ ಮಾಡ್ಲಿ?" ತುಂಗಾಬಾಯಿ ತೀರ್ಥವನ್ನೂ ತೆಗೆದುಕೊಳ್ಳಲಿಲ್ಲ. ವಯಸ್ಸು ಎಪ್ಪತ್ನಾಲ್ಕು, ಮೈಯಲ್ಲಿ ಸಕ್ಕರೆ ಕಾಯಿಲೆ. ಮಂಜುಷಾ ಹಕ್ಕಿಯ ಫೋಟೋವನ್ನು ಹಕ್ಕಿಗಳನ್ನು ಬಲ್ಲ ಕಾಲೇಜಿನ ನೀಲಕಂಠ ಮೇಷ್ಟ್ರಿಗೆ ಕಳಿಸಿ ಫೋನು ಹಚ್ಚಿದಳು.

"ಅದು ರೀವ ರೀ, ನಡುಗಡಲಿನ ಹಕ್ಕಿ," ಎಂದರು ಮೇಷ್ಟ್ರು. "ಬೆಚ್ಚನ್ನ ಕಡಲಿದ್ದಲ್ಲೆಲ್ಲ ಅದರ ಊರು. ತತ್ತಿ ಇಡಾಕಷ್ಟ ನಡುಗಡ್ಡಿಗೆ ಇಳೀತದ. ಹಾರಿಕೋಂತನ ನೀರಿನ ಮ್ಯಾಲಿನ ಸಣ್ಣ ಮೀನು ಹೆಕ್ಕತದ. ನೀರಾಗ ಮಾತ್ರ ಬಿಡಬ್ಯಾಡ್ರಿ. ರೆಕ್ಕಿ ತೊಯ್ದರ ಮುಳುಗ್ತದ."

ಮೀನು! ಆ ಮನೆಯಲ್ಲಿ ಆ ಮಾತನ್ನು ಆಡುವವರೂ ಇರಲಿಲ್ಲ. ಅಷ್ಟರಲ್ಲಿ ಬಾಳೆಹಣ್ಣು ಹೇರಿದ ಟಂಟಂ ಆಟೋ ತಂದ ಕಮಲಾಪುರದ ಮೈಬೂಬ ಮಾತೆಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಕ್ಕ.

"ಗರುಡ ಹಾವು ತಿಂತಾನಂತ ನೀವ ಹೇಳ್ತೀರಿ ಅವ್ವಾರ. ಮತ್ತ ಹಯಗ್ರೀವ ಯಾಕ ಇಟ್ಟೀರಿ?"

ತುಂಗಾಬಾಯಿ ದೇವರ ಮನೆಯ ಕಡೆ ನೋಡಿದರು. "ಮೀನು ಹೊಸ್ತಿಲು ದಾಟಬಾರದು. ಅತಿಥಿ ದಾಟಬಹುದಲ್ಲ? ನಡಿ, ನಿಮ್ಮೂರ ಕೆರಿಗೆ."

ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಳೆಗೊನೆಗಳ ನಡುವೆ ಅವರೇ ಕೂತರು. ಮಂಜುಷಾ ತೀರ್ಥದ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತಳು.

ಕೆರೆಯ ಏರಿಯ ಮೇಲೆ ಮೈಬೂಬ ಬಲೆ ಬೀಸಿ ಬೆರಳುದ್ದದ ಮೀನು ಹಿಡಿದ. ಮೊದಲನೆಯದನ್ನು ಹಕ್ಕಿ ಬೀಳಿಸಿತು. ಎರಡನೆಯದನ್ನೂ. ತುಂಗಾಬಾಯಿ ಮುಖ ಆಚೆ ತಿರುಗಿಸಿ, ತುಟಿಯಲ್ಲೇ ಕೃಷ್ಣ ಕೃಷ್ಣ ಎನ್ನುತ್ತಿದ್ದರು.

"ನುಂಗ್ತ್ರೀ!" ಮೈಬೂಬ ಕೂಗಿದ.

ಆಮೇಲೆ ಆರು ಮೀನು ಹೋದವು. ಬಿಸಿಲೇರಿತು, ಗಾಳಿ ಎದ್ದಿತು. ತುಂಗಾಬಾಯಿ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದರು. ಹಕ್ಕಿ ರೆಕ್ಕೆ ಬಿಚ್ಚಿ ಜಾರಿತು, ನೀರಿಗೆ ತಾಕುವಷ್ಟು ಇಳಿದು, ತಾಕದೆ ಮೇಲೆದ್ದು, ಪಶ್ಚಿಮಕ್ಕೆ ಚುಕ್ಕಿಯಾಯಿತು.

"ಕಡಲು ಯಾ ಕಡಿಗದ ಅಂತ ಅದಕ ಗೊತ್ತೇನ್ರೀ?" ಮೈಬೂಬ ಕೇಳಿದ.

"ಕಳಿಸಿದಾಂವಗ ಗೊತ್ತದ." ತುಂಗಾಬಾಯಿ ಏರಿಯ ಮೇಲೆ ಕೂತು ಉಸಿರುಬಿಟ್ಟರು. ತೀರ್ಥ ತೆಗೆದುಕೊಂಡು, ಹಸಿದ ಮಗುವಿನಂತೆ ಎರಡು ಬಾಳೆಹಣ್ಣು ತಿಂದರು. ಮಂಜುಷಾ ನಗುತ್ತಲೇ ಕಣ್ಣೊರೆಸಿಕೊಂಡಳು.

"ಇನ್ನೊಂದು ಸುಲಿದು ಕೊಡಲೇನ್ರೀ ಅವ್ವಾರ?"

"ಮೊದಲ ಕೈ ತೊಳಕೊಳ್ಳೋ ಮೈಬೂಬ!"