ಇಳಿಯುತ್ತಿದ್ದ ಉಪ್ಪಿನ ಸೂರು

ಉಪ್ಪಿನ ಗಣಿಯ ಏಳನೇ ಕೋಣೆಯಲ್ಲಿ ಸೂರಿಗೊಂದು, ನೆಲಕ್ಕೊಂದು ಉಕ್ಕಿನ ಮೊಳೆ ಹೊಡೆದಿದ್ದರು. ವಾರವಾರ ಅವುಗಳ ನಡುವಿನ ಅಂತರ ಅಳೆಯುವುದು ಗಣಿಯ ಪ್ರಯೋಗಶಾಲೆಯಲ್ಲಿದ್ದ ಅವಳ ಕೆಲಸ. ಗಣಿಯವರ ಬಾಯಲ್ಲಿ ಅವಳು ಅಳತೆಯಮ್ಮ. ಉಪ್ಪು ಕಲ್ಲಿನಷ್ಟು ಗಟ್ಟಿಯಾಗಿದ್ದರೂ ಮೇಲಿನ ಭಾರಕ್ಕೆ ಮೆಲ್ಲಗೆ ಜರಗುತ್ತದೆ, ತೋಡಿದ ಜಾಗವನ್ನು ತಾನೇ ತುಂಬಿಕೊಳ್ಳಲು ನೋಡುತ್ತದೆ. ವಾರಕ್ಕೆ ಅರ್ಧ ಮಿಲಿಮೀಟರ್ ಅಷ್ಟೆ. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ಸೋಮವಾರ ಆರು ಮಿಲಿಮೀಟರ್ ಕಡಿಮೆ ಬಂತು. ತನ್ನದೇ ತಪ್ಪಿರಬೇಕೆಂದು ಮತ್ತೆರಡು ಸಲ ಅಳೆದಳು. ಲೆಕ್ಕ ಬದಲಾಗಲಿಲ್ಲ.

ಅಲ್ಲಿ ಉಪ್ಪು ಕೊರೆಯುವ ಯಂತ್ರ ಓಡಿಸುತ್ತಿದ್ದವನು ಅವಳ ಅಕ್ಕನ ಗಂಡ. ಯಂತ್ರದ ನೆತ್ತಿಗೂ ಸೂರಿಗೂ ನಾಲ್ಕು ಬೆರಳಿನಷ್ಟೇ ಸಂದು.

"ಭಾವ, ಯಂತ್ರ ಆಚೆ ತನ್ನಿ. ಸೂರು ಇಳೀತಿದೆ."

"ಒಂದು ಬಿರುಕಿಲ್ಲ, ಸದ್ದಿಲ್ಲ. ನಿನಗೆ ಕೂತಲ್ಲಿ ಕೂರೋಕಾಗಲ್ಲ ಅಂತ ನಾನು ಕೆಲಸ ನಿಲ್ಲಿಸ್ಬೇಕಾ?"

"ಬಿರುಕು ಬಿಟ್ಟಿದ್ರೆ ಮುಂಚೇನೇ ಗೊತ್ತಾಗ್ತಿತ್ತು, ಇಷ್ಟು ಹೆದರ್ತಿರಲಿಲ್ಲ."

ಗೋಡೆಯಿಂದ ಒಂದು ತುಂಡು ಕಿತ್ತು ಪ್ರಯೋಗಶಾಲೆಗೆ ಓಡಿದಳು. ಬೆಳಕು ಹಾಯುವಷ್ಟು ತೆಳ್ಳಗೆ ಸವೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹರಳುಗಳು ಒಂದನ್ನೊಂದು ಒತ್ತಿದ ಕಡೆಯೆಲ್ಲ ಅಂಚು ಕರಗಿತ್ತು. ಕರಗಿದ್ದು ಒತ್ತಡವಿಲ್ಲದ ಪಕ್ಕಗಳಿಗೆ ಹೋಗಿ ಹೊಸದಾಗಿ ಹೆಪ್ಪುಗಟ್ಟಿತ್ತು. ಹರಳುಗಳ ನಡುವೆ ಕೂದಲೆಳೆಯಂಥ ನೀರಿನ ಹೊಳಪು. ಒಣ ಉಪ್ಪಿನಲ್ಲಿ ಹೀಗಾಗುವುದಿಲ್ಲ. ನೀರು ಎಲ್ಲಿಂದಲೋ ಒಳಗೆ ನುಗ್ಗಿದೆ, ಅದಕ್ಕೇ ಉಪ್ಪು ಇಷ್ಟು ಬೇಗ ಜರಗುತ್ತಿದೆ. ತುಂಡನ್ನು ಎತ್ತಿಕೊಂಡು ಮ್ಯಾನೇಜರ್ ಬಳಿಗೆ ಓಡಿದಳು.

ಮ್ಯಾನೇಜರ್ ಮುಖ ಗಂಟಿಕ್ಕಿದರು. "ಉಗುರಿನಷ್ಟು ಚೂರು ನೋಡಿ ಇಡೀ ಕೋಣೆ ಖಾಲಿ ಮಾಡಿಸ್ಲಾ?"

"ಹಿಂದಿನ ಗೋಡೆಗೆ ತೂತು ಹಾಕ್ಸಿ ಸಾರ್. ನೀರು ಸಿಗದಿದ್ರೆ ನನ್ನನ್ನ ಬೈಯಿರಿ."

ಗೇಣುದ್ದ ಕೊರೆದರು. ಒಣ ಪುಡಿ ಉದುರಿತು. ಭಾವ ಕಿಸಕ್ಕೆಂದ. ನಿಂತಲ್ಲಿ ನಿಲ್ಲಲಾರದೆ ಅವಳು ಗೋಡೆಯುದ್ದಕ್ಕೂ ಎರಡು ಸಲ ಅತ್ತಿತ್ತ ಓಡಾಡಿ, "ಇನ್ನೂ ಆಳಕ್ಕೆ" ಎಂದಳು. ಮೊಳದುದ್ದ ಹೋಗುವಷ್ಟರಲ್ಲಿ ಪುಡಿ ಮುದ್ದೆಯಾಯಿತು. ಆಮೇಲೆ ತೂತಿನಿಂದ ಉಪ್ಪುನೀರು ಸಣ್ಣಗೆ ಜಿನುಗಿತು. ಮ್ಯಾನೇಜರೇ ಮೊದಲು ಬಾಗಿಲ ಕಡೆ ಹೆಜ್ಜೆ ಹಾಕುತ್ತಾ, "ಎಲ್ಲರೂ ಆಚೆ" ಎಂದರು. ಭಾವ ಮುಖ ಊದಿಸಿಕೊಂಡೇ ಯಂತ್ರ ಹೊರಗೆ ತಂದ.

ನೀರಿನ ಮೂಲ ಸಿಗಲಿಲ್ಲ, ಬಾಗಿಲಿಗೆ ಅಡ್ಡಗಂಬಿ ಹಾಕಿ ಕೋಣೆಯನ್ನು ಮುಚ್ಚಿದರು. ಮೂರು ತಿಂಗಳ ನಂತರ ಸೂರು ಒಂದಿಷ್ಟೂ ಸದ್ದು ಮಾಡದೆ ಯಂತ್ರದ ಎತ್ತರಕ್ಕಿಂತ ಕೆಳಗಿಳಿದಿತ್ತು.

ಅದನ್ನು ಬಾಗಿಲಿಂದಲೇ ಇಣುಕಿ ನೋಡಿದ ಭಾವ ಸೀದಾ ಪ್ರಯೋಗಶಾಲೆಗೆ ಬಂದ. "ಆ ಚೂರು ತೋರ್ಸು." ತುಂಬ ಹೊತ್ತು ಕಣ್ಣು ಕೀಳದೆ ನೋಡಿದ.

"ನಾನು ನಿನ್ನ ಮಾತು ಕೇಳ್ಲಿಲ್ಲ ಅಂತ ನಿಮ್ಮಕ್ಕಂಗೆ ಹೇಳ್ಬೇಡ."

"ಅವತ್ತೇ ಹೇಳಿದೀನಿ."

"ಅದಕ್ಕೇನಾ ಮೂರು ತಿಂಗಳಿಂದ ಮನೇಲಿ ನನ್ನ ಜೊತೆ ಮಾತಿಲ್ಲ, ಕತೆಯಿಲ್ಲ!" ಎಂದು ಭಾವ ತಲೆ ಕೆರೆದುಕೊಂಡ.