ನೀಲಾಂಬಿಕೆಯ ಹಸಿಗೋಡೆ

ಬಿಹಾರದಲ್ಲಿ ನೆಲ ಬಿರಿದ ಸುದ್ದಿ ಹೊಳೆನರಸೀಪುರದ ಸಂತೆಗೆ ಬಂದ ಮರುವರ್ಷ, ಹತ್ತಿರದಲ್ಲೇ ಹೇಮಾವತಿ ದಂಡೆಯ ಒಂದು ಪುಟ್ಟ ಊರಲ್ಲೂ ಬೆಳಗಿನ ಜಾವ ಭೂಮಿ ನಡುಗಿತು. ಯಾರ ಜೀವವೂ ಹೋಗಲಿಲ್ಲ. ಮಣ್ಣಿನ ಮನೆಗಳು ಮಾತ್ರ ಒಂದೂ ಉಳಿಯಲಿಲ್ಲ. ದಿಬ್ಬದ ಮೇಲೆ ಹೊಸದಾಗಿ ಊರು ಕಟ್ಟೋಣ, ಗಂಡಸಿಲ್ಲದ ಮನೆ ಮೊದಲು ಏಳಲಿ ಎಂದು ಹಿರಿಯರು ತೀರ್ಮಾನಿಸಿದರು. ಹಾಗಾಗಿ ಗಂಗಾಂಬಿಕೆಯ ಗಂಡ ಷಡಕ್ಷರಿ, ತನ್ನ ಮನೆಗೆ ಪಾಯವನ್ನೂ ತೋಡದೆ, ವಿಧವೆ ನೀಲಾಂಬಿಕೆಯ ಗೋಡೆ ಎಬ್ಬಿಸಲು ಹೋದ.

ಒಂದು ಕಾಲಕ್ಕೆ ಷಡಕ್ಷರಿಗೆ ನೀಲಾಂಬಿಕೆಯನ್ನೇ ತರುವ ಮಾತು ನಡೆದಿತ್ತು. ಗಂಗಾಂಬಿಕೆ ಅದನ್ನು ಮರೆತಿರಲಿಲ್ಲ. ಸದ್ಯಕ್ಕೆ ಹಾಕಿಕೊಂಡ ಗುಡಿಸಲಲ್ಲಿ ಮುದ್ದೆ ತಿರುವುತ್ತಿದ್ದರೆ ಗಂಡನ ನಗು ನೀಲಾಂಬಿಕೆಯ ಗೋಡೆಯ ಕಡೆಯಿಂದ ಕೇಳಿಬರುತ್ತಿತ್ತು. ಗುಡಿಸಲಿಗೆ ಬಂದವನು ಮಾತ್ರ ತಲೆ ಎತ್ತದೆ ಉಂಡು, ಆ ಕಡೆ ತಿರುಗಿ ಮಲಗಿಬಿಡುತ್ತಿದ್ದ. ನೆಲ ನಡುಗಿದಂದಿನಿಂದ ತನ್ನೆದುರು ಒಮ್ಮೆಯೂ ನಗದವನು ಅವಳ ಮುಂದೆ ನಗುತ್ತಾನೆ!

ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ ಗಂಗಾಂಬಿಕೆ ಆ ಹಸಿಗೋಡೆಯ ಬುಡಕ್ಕೆ ಕೊಡ ಕೊಡ ನೀರು ಸುರಿದು ಬಂದಳು. ಇಳಿಹೊತ್ತಿಗೆ ಗೋಡೆ ಕುಸಿಯಿತು.

"ತಿರ್ಗಾ ಮೊದ್ಲಿಂದ ಎಬ್ಬುಸ್ಬೇಕು ಕಣೆ. ಇನ್ನೂ ಅದ್ನೈದು ದಿನ ಅಲ್ಲೇ ಕೆಲ್ಸ" ಎಂದ ಷಡಕ್ಷರಿ.

ಗಂಗಾಂಬಿಕೆಗೆ ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು. ಗಂಡನ ಕಾವಲಿಗೆಂದು ಮರುದಿನ ತಾನೂ ಹೋಗಿ ಮಣ್ಣು ತುಳಿಯತೊಡಗಿದಳು. ಷಡಕ್ಷರಿ ಮಣ್ಣು ತರಲು ಗಾಡಿ ಹೂಡಿಕೊಂಡು ಹೋದಾಗ, ಪಕ್ಕದಲ್ಲಿ ತುಳಿಯುತ್ತಿದ್ದ ನೀಲಾಂಬಿಕೆ ಮೆಲ್ಲಗೆ ಹೇಳಿದಳು:

"ನೀರು ಉಯ್ದೋಳು ನೀನೇ ಅಂತ ಗೊತ್ತು ಗಂಗಕ್ಕ. ನೋಡ್ದೆ. ಯಾರ್ಗೂ ಏಳಿಲ್ಲ."

"ಯಾಕೆ? ನಾನು ನಿನ್ನ ದೊಡ್ಡೋಳು ಅನ್ಲಿ ಅಂತಲಾ?"

"ನಿಮ್ಮನೆಯೋರು ಮದ್ಲೇ ನೊಂದವ್ರೆ. ಆವತ್ತು ನೆಲ ನಡುಗ್ದಾಗ ನಿನ್ನ ಒಳ್ಗೇ ಬಿಟ್ಟು ಆಚೆ ಓಡ್ಬಂದ್ರಂತಲ್ಲ. ನಿನ್ ಮಕ ನೋಡೋಕಾಗ್ದೆ ಬೆಳಗಾಗೋದ್ನೇ ಕಾದು ಇಲ್ಲಿಗ್ ಬತ್ತಾರೆ."

ಗಂಗಾಂಬಿಕೆಯ ಕಾಲು ಕೆಸರಲ್ಲೇ ನಿಂತಿತು. ಆ ಬೆಳಗ್ಗೆ ಬಿದ್ದ ಜಂತೆಯನ್ನು ಸರಿಸಿಕೊಂಡು ಅವಳೊಬ್ಬಳೇ ಹೊರಬಂದಿದ್ದಳು. ಅಂಗಳದಲ್ಲಿ ಗಂಡ ಗಡಗಡ ನಡುಗುತ್ತಾ ನಿಂತಿದ್ದ. ಅದರ ಮಾತು ಅವಳೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಅದನ್ನೀಗ ಇವಳ ಬಳಿ ಹೇಳಿಕೊಂಡಿದ್ದಾನೆ! ನಗುವಿಗಿಂತ ಇದು ಹೆಚ್ಚು ಉರಿಯಿತು.

ಸಂಜೆ ಗಂಡನೆದುರು ಕೂತಳು. "ಏನೂಂದ್ರೆ, ಆವತ್ತು ಬಾಗ್ಲು ನನ್ನ ಮಗ್ಗುಲಿಗಿದ್ದಿದ್ರೆ ನಾನೂ ಓಡ್ತಿದ್ದೆ. ಅದ್ಕೆ ನಂಗೆ ಸಿಟ್ಟಿಲ್ಲ. ಅದ್ನ ಅವಳತ್ರ ಏಳ್ಕೊಂಡ್ರಲ್ಲ, ಅದ್ನ ಸೈರ್ಸೋಕಾಗಲ್ಲ. ಗೋಡೆ ಕೆಡವ್ದೋಳೂ ನಾನೇ."

ಷಡಕ್ಷರಿ ಅವಳ ಮಣ್ಣಾದ ಕಾಲನ್ನು ನೋಡುತ್ತಾ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. "ನಿನ್ನತ್ರ ಏಳೋಕೆ ಬಾಯಿ ಬರ್ನಿಲ್ಲ ಕಣೆ" ಎಂದ.

ನೀಲಾಂಬಿಕೆಯ ಮನೆಗೆ ಹುಲ್ಲು ಹೊದಿಸಿದ ಮೇಲೆ ಇವರ ಮನೆಗೆ ಪಾಯ ತೋಡಿದರು. ಮಣ್ಣು ತುಳಿಯಲು ನೀಲಾಂಬಿಕೆಯೂ ಬಂದಳು. ಗಂಗಾಂಬಿಕೆ ಬೇಡವೆನ್ನಲಿಲ್ಲ. ಆದರೆ ಮನೆ ಏಳುವವರೆಗೂ ಗಂಡನಿಗೂ ನೀಲಾಂಬಿಕೆಗೂ ನಡುವೆ ತಾನೇ ನಿಂತು ತುಳಿದಳು.