ವಂಶದ್ದಲ್ಲ

ಬೀಡಿ ಸೇದುವವರ ಪಕ್ಕದಲ್ಲೂ ಕೂರದ ಮೀನಾಕ್ಷಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು ನೋಡಿ! ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಕೆಲಸ, ಗಂಡ ತೀರಿಕೊಂಡಿದ್ದ. ಅಣ್ಣ ನಟರಾಜನೇ ಬೆಂಗಳೂರಿಗೆ ಕರೆದೊಯ್ದ. "ಇದು ಜೀನ್ ದೋಷದಿಂದ ಬಂದದ್ದು," ಎಂದರು ಡಾಕ್ಟರು. ಆ ದೋಷಕ್ಕೇ ಗುರಿಯಿಟ್ಟ ಎರಡು ಮಾತ್ರೆಗಳನ್ನು ಜೊತೆಯಾಗಿ ಕೊಟ್ಟು ನೋಡುವ ಪ್ರಯೋಗ ಆಗಷ್ಟೇ ಶುರುವಾಗಿತ್ತು. ಎಷ್ಟು ಕೊಟ್ಟರೆ ಮೈ ತಡೆದೀತು ಎಂಬುದೇ ಇನ್ನೂ ತಿಳಿಯದು, ವಾಸಿಯಾಗುವ ಭರವಸೆ ಕೊಡಲಾರೆವು ಎಂದರು. ಮೀನಾಕ್ಷಿ ಒಪ್ಪಿದಳು. ಪಕ್ಕದಲ್ಲಿ ಅಣ್ಣನಿದ್ದಾನಲ್ಲ, ಇನ್ನೆಂಥ ಹೆದರಿಕೆ!

ಆದರೆ ಜೀನ್ ಅಂದರೆ ವಂಶ ಎಂದು ಪಿಯುಸಿಯಲ್ಲಿ ಓದಿದ್ದ ಮಹಾಶಯ ನಟರಾಜ. ಮಗಳು ಇಂದುವಿಗೆ ಬೇಲೂರಿನ ಸಂಬಂಧ ಆಗತಾನೇ ಕುದುರಿತ್ತು. ಮನೆತನದ ರೋಗವೆಂದು ಅವರು ಹಿಂದೆ ಸರಿದರೆ ಎಂಬ ದಿಗಿಲು ಹತ್ತಿತು.

ಮೀನಾಕ್ಷಿಗೂ ಅದೇ ದಿಗಿಲು. ಡಾಕ್ಟರನ್ನು ಮತ್ತೆ ಕೇಳಿದಳು. "ಇಲ್ಲಮ್ಮ, ನಿಮ್ಮ ಗಡ್ಡೆಯೊಳಗೆ ಮಾತ್ರ ಹುಟ್ಟಿದ ದೋಷ ಇದು. ವಂಶದ್ದಲ್ಲ." ಹಿಗ್ಗಿ ಹೀರೇಕಾಯಿಯಾಗಿ ಇಂದುವಿನ ಅತ್ತೆಯಾಗುವ ಶಾಂತಾದೇವಿಗೆ ತಾನೇ ಫೋನ್ ಮಾಡಿದಳು.

"ಅದ್ಯಾಕಮ್ಮ ತಲೆ ಕೆಡಿಸ್ಕೊಂಡಿದ್ದೀರಿ? ನಿಮ್ಮಣ್ಣ ಆಗ್ಲೇ ಹೇಳಿದ್ರಲ್ಲ, ನೀವು ಆ ಮನೇಲಿ ಹುಟ್ಟಿದೋರಲ್ಲ, ಸಾಕಿದ ಮಗಳು ಅಂತ. ನಮಗೇನೂ ಅನುಮಾನ ಇಲ್ಲ ಕಣ್ರೀ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಹೀಗೆಂದನೆ! ಬೈದಿದ್ದರೆ, ಜಗಳವಾಡಿದ್ದರೆ ಸಹಿಸಿಕೊಳ್ಳಬಹುದಿತ್ತು. ಹೆತ್ತ ತಾಯಿಯನ್ನೇ ಕಿತ್ತುಕೊಂಡನಲ್ಲ, ಪಾಪಿ!

ಮಾತ್ರೆ ಶುರುಮಾಡುವ ದಿನ, ಬೆಂಗಳೂರಿನ ರೈಲಿನಲ್ಲಿ ಕೇಳಿಯೇಬಿಟ್ಟಳು.

"ಹೆಣ್ಣುಮಗೀನ ಬಾಳು ಕಣೇ. ಏನ್ ಮಾಡ್ಲಿ?" ಎಂದ ನಟರಾಜ.

"ವಂಶದ್ದಲ್ಲ ಅಂತ ಗೊತ್ತಾಯ್ತಲ್ಲ. ಈಗ ಹೋಗಿ ನಿಜ ಹೇಳು."

"ಹೆಂಗೆ ಹೇಳ್ಲಿ? ಸುಳ್ಳ ಅಂತ ಉಗೀತಾರೆ. ಮದುವೆ ಒಂದು ಮುಗೀಲಿ. ಅಲ್ಲೀಗಂಟ ನೀನು ಬೇಲೂರ ಕಡೆ ಬರಬ್ಯಾಡ ಕಣವ್ವ."

ತಾನು ಎತ್ತಿ ಆಡಿಸಿದ ಇಂದುವಿನ ಮದುವೆಗೆ ತಾನೇ ಹೋಗುವಂತಿಲ್ಲ!

ಆಸ್ಪತ್ರೆಯಲ್ಲಿ ನರ್ಸ್ ಮಾತ್ರೆಗಳನ್ನು ತಂದು, "ಜೊತೆಗೆ ಬಂದಿರೋರು ಏನಾಗ್ಬೇಕು?" ಎಂದಳು.

"ಒಡಹುಟ್ಟಿದ ಅಣ್ಣ," ಎಂದ ನಟರಾಜ, ಥಟ್ಟನೆ.

ಬೇಲೂರಿನಲ್ಲಿ ಗಂಟಲಿಗೆ ಸಿಕ್ಕಿಕೊಂಡಿದ್ದ ಮಾತು ಇಲ್ಲಿ ಎಷ್ಟು ಸಲೀಸಾಗಿ ಬಂತು! ಮೀನಾಕ್ಷಿಯ ಮೈಯೆಲ್ಲ ಉರಿಯಿತು.

"ಸುಳ್ಳು ಸಿಸ್ಟರ್," ಎಂದಳು. "ನಾನು ಇವರ ಮನೇಲಿ ಹುಟ್ಟಿದೋಳಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ನರ್ಸ್ ನಟರಾಜನ ಮುಖ ನೋಡಿದಳು. ಅವನು ಅತ್ತ ತಿರುಗಿ ನೀರು ಬಗ್ಗಿಸತೊಡಗಿದ. ನೀರಿನ ಲೋಟ ಹಿಡಿದು ಹತ್ತಿರ ಬಂದವನನ್ನು ಮೀನಾಕ್ಷಿ ಕೈಯಲ್ಲೇ ತಡೆದಳು. ತಾನೇ ಎದ್ದು ಹೋಗಿ ನೀರು ಹಿಡಿದುಕೊಂಡು ಬಂದು, ಎರಡೂ ಮಾತ್ರೆಗಳನ್ನು ನುಂಗಿದಳು.